ಗಲ್ಲಾದಲ್ಲಿ ಚಿಲ್ಲರೆ ಇಲ್ಲದ ದಿನಗಳು: 2020ರ ನಾಣ್ಯದ ಅಭಾವ ಕ್ಯಾಷ್ ಆಫೀಸಿಗೆ ಕಲಿಸಿದ್ದು

2020ರ ಜೂನ್‌ನಲ್ಲಿ ಅಮೆರಿಕದ ಅಂಗಡಿಗಳ ಗಲ್ಲಾಗಳಲ್ಲಿ ಚಿಲ್ಲರೆ ಖಾಲಿಯಾಗತೊಡಗಿತು. ಆಗಲೂ ದೇಶದಲ್ಲಿ ನಾಣ್ಯಕ್ಕೆ ಕೊರತೆಯಿರಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಚಲಾವಣೆಯಲ್ಲಿದ್ದ ನಾಣ್ಯಗಳ ಮೌಲ್ಯ ಸುಮಾರು 4,780 ಕೋಟಿ ಡಾಲರ್, ಅಂದರೆ ಹಿಂದಿನ ವರ್ಷಕ್ಕಿಂತ ತುಸು ಹೆಚ್ಚೇ. ನಿಂತುಹೋಗಿದ್ದು ಓಡಾಟ. 2019ರಲ್ಲಿ ಚಲಾವಣೆಗೆ ಬಂದ ನಾಣ್ಯಗಳಲ್ಲಿ ಟಂಕಸಾಲೆಯ ಹೊಸ ನಾಣ್ಯಗಳ ಪಾಲು ಬರೀ 17%. ಉಳಿದದ್ದೆಲ್ಲ ಬ್ಯಾಂಕಿನ ಕೌಂಟರು, ನಾಣ್ಯ ಎಣಿಸುವ ಕಿಯೋಸ್ಕು, ಲಾಂಡ್ರಿ, ಅಂಗಡಿಗಳ ಮೂಲಕ ಸುತ್ತಿ ಬರುವ ಹಳೆಯ ನಾಣ್ಯ. ಲಾಕ್‌ಡೌನಿನಲ್ಲಿ ಈ ಬಾಗಿಲುಗಳು ಮುಚ್ಚಿದವು, ನಾಣ್ಯ ಮನೆಯ ಡಬ್ಬಿಗಳಲ್ಲೇ ಕೂತಿತು.

ಜೂನ್ 15ರಿಂದ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್, ಉಳಿದ ಬ್ಯಾಂಕುಗಳಿಗೆ ನಾಣ್ಯವನ್ನು ಅಳೆದು ಕೊಡಲು ಶುರು ಮಾಡಿತು. ಯಾವ ಬ್ಯಾಂಕು ಹಿಂದೆ ಯಾವ ನಾಣ್ಯವನ್ನು ಎಷ್ಟು ತರಿಸಿಕೊಂಡಿತ್ತು, ಟಂಕಸಾಲೆ ಈಗ ಎಷ್ಟು ತಯಾರಿಸುತ್ತಿದೆ ಎಂಬುದರ ಮೇಲೆ ಪಾಲು ನಿಗದಿಯಾಯಿತು. ಬ್ಯಾಂಕಿಗೆ ಕಡಿಮೆ ಬಂದರೆ ಅಂಗಡಿಗೂ ಕಡಿಮೆಯೇ. ಟಂಕಸಾಲೆ 2019ರಲ್ಲಿ ಸುಮಾರು 1,190 ಕೋಟಿ ನಾಣ್ಯ ತಯಾರಿಸಿತ್ತು, 2020ರಲ್ಲಿ ಅದನ್ನು 1,480 ಕೋಟಿಗೆ ಏರಿಸಿತು. ಆದರೂ ನಿಂತ ಓಡಾಟದ ಜಾಗವನ್ನು ಅದೊಂದೇ ತುಂಬಲಾರದು.

ಇಂಥ ಹೊತ್ತಿನಲ್ಲಿ ಅಂಗಡಿಯ ನಗದನ್ನು ನೋಡಿಕೊಳ್ಳುವ ಕ್ಯಾಷ್ ಆಫೀಸ್ ಮಾಡಬೇಕಾದ ಮೊದಲ ಕೆಲಸ ಲೆಕ್ಕ. ಸಿಕ್ಕಷ್ಟು ತರಿಸಿ ಕೂಡಿಡುವುದು ಆಮೇಲಿನ ಮಾತು, ಅದು ಅಭಾವವನ್ನು ಇನ್ನಷ್ಟು ಹೆಚ್ಚಿಸುತ್ತದೆ ಕೂಡ. ವಾಪಸು ಕೊಡಬೇಕಾದ ಸೆಂಟುಗಳು 0ಯಿಂದ 99ರವರೆಗೆ ಸಮನಾಗಿ ಹರಡಿವೆ ಎಂದು ಇಟ್ಟುಕೊಳ್ಳಿ. ಕ್ಯಾಷಿಯರ್ ದೊಡ್ಡ ನಾಣ್ಯದಿಂದ ಶುರು ಮಾಡಿ ಎಣಿಸಿಕೊಟ್ಟರೆ 100 ನಗದು ಬಿಲ್ಲಿಗೆ ಸರಾಸರಿ 150 ಕ್ವಾರ್ಟರ್, 80 ಡೈಮ್, 40 ನಿಕಲ್, 200 ಪೆನ್ನಿ ಬೇಕು. ಇವು ಕ್ರಮವಾಗಿ 25, 10, 5 ಮತ್ತು 1 ಸೆಂಟಿನ ನಾಣ್ಯಗಳು. ಕಾಗದದಲ್ಲಿ ಸುತ್ತಿದ ನಾಣ್ಯದ ಕಟ್ಟು, ಅಂದರೆ ರೋಲ್ ಲೆಕ್ಕದಲ್ಲಿ ಹೇಳುವುದಾದರೆ, ಕ್ವಾರ್ಟರ್ ಮತ್ತು ನಿಕಲ್ ರೋಲಿನಲ್ಲಿ 40, ಡೈಮ್ ಮತ್ತು ಪೆನ್ನಿ ರೋಲಿನಲ್ಲಿ 50 ನಾಣ್ಯ ಇರುತ್ತವೆ. ಹಾಗಾಗಿ ಸುಮಾರು 4 ರೋಲ್ ಕ್ವಾರ್ಟರ್, 2 ರೋಲ್ ಡೈಮ್, 1 ರೋಲ್ ನಿಕಲ್, 4 ರೋಲ್ ಪೆನ್ನಿ. ಗಿರಾಕಿಗಳು ಚಿಲ್ಲರೆಯಾಗಿಯೇ ಕೊಟ್ಟ ನಾಣ್ಯಗಳನ್ನು ಇದರಿಂದ ಕಳೆದರೆ ಉಳಿಯುವುದೇ ನಿಜವಾದ ಬೇಡಿಕೆ. ಬ್ಯಾಂಕಿಗೆ ಆರ್ಡರ್ ಹಾಕುವಾಗ ಈ ಅಂಕಿ ಕೈಯಲ್ಲಿರಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಕೈಕೊಡುವುದು ಒಂದು ನಾಣ್ಯದ ಅಭಾವ ಇನ್ನೊಂದಕ್ಕೆ ದಾಟುವ ಪರಿ. ಕ್ವಾರ್ಟರ್ ಮುಗಿದರೆ ಅದೇ 100 ಬಿಲ್ಲಿಗೆ ಡೈಮ್ 80 ಸಾಲದು, 450 ಬೇಕು. ಅಂದರೆ ಐದು ಪಟ್ಟಿಗೂ ಮೀರಿ. ಬೆಳಿಗ್ಗೆ ಕ್ವಾರ್ಟರ್ ತಳ ಕಂಡರೆ ಮಧ್ಯಾಹ್ನಕ್ಕೆ ಡೈಮ್ ಕೂಡ ಇಲ್ಲ ಎಂಬ ಸ್ಥಿತಿ ಬರುವುದು ಇದರಿಂದಲೇ. ಡೈಮ್ ಮೊದಲು ಮುಗಿದರೆ ನಿಕಲ್ 40ರಿಂದ 200ಕ್ಕೆ ಏರುತ್ತದೆ. ನಿಕಲ್ ಮುಗಿದರೆ ಪೆನ್ನಿ 200ರಿಂದ 400ಕ್ಕೆ. ಈ ಕೊನೆಯದನ್ನು ಮಾತ್ರ ಕ್ಯಾಷಿಯರ್ ಒಂದಷ್ಟು ತಡೆಯಬಹುದು. 30 ಸೆಂಟ್ ಕೊಡಲು ಒಂದು ಕ್ವಾರ್ಟರ್ ಮತ್ತು ಐದು ಪೆನ್ನಿ ಕೊಡುವ ಬದಲು ಮೂರು ಡೈಮ್, 55ಕ್ಕೆ ಒಂದು ಕ್ವಾರ್ಟರ್ ಮತ್ತು ಮೂರು ಡೈಮ್. ದೊಡ್ಡದರಿಂದ ಶುರು ಮಾಡುವ ಕೈ ಅಭ್ಯಾಸ ಇಲ್ಲಿ ನಷ್ಟ ತರುತ್ತದೆ, ಹಾಗಾಗಿ 30, 40, 55, 65, 80, 90 ಈ ಮೊತ್ತಗಳನ್ನು ಚೀಟಿಯಲ್ಲಿ ಬರೆದು ಗಲ್ಲಾದ ಪಕ್ಕ ಅಂಟಿಸಿಡುವುದು ಒಳ್ಳೆಯದು. ಇಡೀ ಸರಪಳಿಯ ಕೀಲಿ ಕ್ವಾರ್ಟರ್. ಬ್ಯಾಂಕು ಒಂದೇ ಬಗೆಯ ನಾಣ್ಯವನ್ನು ಆರಿಸಿಕೊಳ್ಳಿ ಎಂದರೆ ಬೇರೆ ಯೋಚನೆ ಬೇಡ, ಕ್ವಾರ್ಟರ್ ಕೇಳಿ. 50 ರೋಲಿನ ಒಂದು ಪೆಟ್ಟಿಗೆ 500 ಡಾಲರಿನದು, ತೂಕ 11 ಕಿಲೋಗಿಂತ ಸ್ವಲ್ಪ ಹೆಚ್ಚು.

ಅಂಗಡಿಯೊಳಗೇ ಸತ್ತು ಬಿದ್ದಿರುವ ಚಿಲ್ಲರೆ ಎಷ್ಟಿದೆ ಎಂದು ಹುಡುಕಿದರೆ ಆಶ್ಚರ್ಯವಾಗುತ್ತದೆ. 12 ಗಲ್ಲಾ ತೆರೆದು ಪ್ರತಿಯೊಂದಕ್ಕೂ 2 ರೋಲ್ ಕ್ವಾರ್ಟರ್ ಹಾಕಿದರೆ 24 ರೋಲ್ ಡ್ರಾಯರುಗಳಲ್ಲೇ ಹಂಚಿಹೋಯಿತು. ನಗದಿಗೆ 5 ಗಲ್ಲಾ ಮಾತ್ರ ಇಟ್ಟು ಉಳಿದವನ್ನು ಕಾರ್ಡಿಗೆ ಬಿಟ್ಟರೆ 14 ರೋಲ್ ಒಂದೇ ದಿನದಲ್ಲಿ ಬಿಡುಗಡೆಯಾಗುತ್ತದೆ. ಗಿರಾಕಿಯೇ ಬಿಲ್ಲು ಮಾಡಿ ಹಣ ಕಟ್ಟುವ ಸೆಲ್ಫ್ ಚೆಕ್‌ಔಟ್ ಯಂತ್ರಗಳನ್ನೂ ಮರೆಯಬಾರದು. ಬಂದ ನಾಣ್ಯವನ್ನೇ ತಿರುಗಿ ಕೊಡುವ ಯಂತ್ರದಲ್ಲೂ ಒಳಗಿನ ಕೊಳವೆ ತುಂಬಿದ ಮೇಲೆ ಹೆಚ್ಚಾದದ್ದು ಕೆಳಗಿನ ಪೆಟ್ಟಿಗೆಗೆ ಬೀಳುತ್ತದೆ. ವಾರಕ್ಕೊಮ್ಮೆ ತೆಗೆಯುತ್ತಿದ್ದ ಆ ಪೆಟ್ಟಿಗೆಯನ್ನು ಅಭಾವದ ಕಾಲದಲ್ಲಿ ದಿನವೂ ತೆಗೆಯಬೇಕು.

ಹೊರಗಿನಿಂದ ತರುವ ದಾರಿಗಳಲ್ಲಿ ಫಲ ಕೊಡುವುದು ಎರಡು. ಒಂದು, ನಾಣ್ಯ ಹಾಕಿ ಬಳಸುವ ಲಾಂಡ್ರಿ ಅಥವಾ ತಿಂಡಿ ಯಂತ್ರಗಳ ಮಾಲೀಕರಿಂದ ಮುಖಬೆಲೆಗೇ ಕ್ವಾರ್ಟರ್ ಕೊಳ್ಳುವುದು. ಅವರಿಗೂ ಬ್ಯಾಂಕಿಗೆ ಹೊರುವ ಕೆಲಸ ತಪ್ಪುತ್ತದೆ. ಇನ್ನೊಂದು, ಡಬ್ಬಿಯಲ್ಲಿ ಕೂಡಿಟ್ಟ ಚಿಲ್ಲರೆ ತಂದರೆ ಯಾವ ಕಡಿತವೂ ಇಲ್ಲದೆ ನೋಟು ಕೊಡುತ್ತೇವೆ ಎಂದು ಬಾಗಿಲಲ್ಲಿ ಬರೆದು ಹಾಕುವುದು. ಗಿರಾಕಿ ಸುತ್ತಿ ತಂದ ರೋಲನ್ನು ಬಿಚ್ಚಿ ಎಣಿಸದೆ ತೆಗೆದುಕೊಳ್ಳಬೇಡಿ. ತೂಕದಿಂದ ಎಣಿಸುವವರು ಪೆನ್ನಿಯ ವಿಷಯದಲ್ಲಿ ಎಚ್ಚರವಾಗಿರಬೇಕು. ಈಗಿನ ಪೆನ್ನಿ ತಾಮ್ರದ ಲೇಪವಿರುವ ಸತು, ತೂಕ 2.5 ಗ್ರಾಂ. 1982ಕ್ಕೆ ಹಿಂದಿನದು 3.11 ಗ್ರಾಂ. 50ರ ರೋಲಿನಲ್ಲಿ 10 ಹಳೆಯವು ಸೇರಿದರೆ ತಕ್ಕಡಿ 6.1 ಗ್ರಾಂ ಹೆಚ್ಚು ತೋರಿಸಿ, ಎರಡು ಪೆನ್ನಿ ಹೆಚ್ಚಾಗಿ ಎಣಿಸುತ್ತದೆ. ಕ್ವಾರ್ಟರ್, ಡೈಮ್‌ಗಳಲ್ಲಿ 1964ರವರೆಗಿನ ಬೆಳ್ಳಿಯವು ಈಗ ಅಪರೂಪ, ಅಲ್ಲಿ ತೂಕವನ್ನು ನಂಬಬಹುದು.

ಬೆಲೆಯನ್ನೇ ಸರಿಪಡಿಸಿ ಚಿಲ್ಲರೆ ತಪ್ಪಿಸೋಣ ಎಂಬ ಸಲಹೆ ಮೇಲಿನವರಿಂದ ಬಂದೇ ಬರುತ್ತದೆ. ಅಮೆರಿಕದಲ್ಲಿ ಮಾರಾಟ ತೆರಿಗೆ ಬೆಲೆಯ ಮೇಲೆ ಕೂಡುವುದರಿಂದ ಇದು ಅಂದುಕೊಂಡಷ್ಟು ಸುಲಭವಲ್ಲ. ತೆರಿಗೆ 8% ಇದ್ದಲ್ಲಿ 9.26 ಡಾಲರ್ ಎಂದು ಬೆಲೆಯಿಟ್ಟರೆ ಬಿಲ್ಲು ಸರಿಯಾಗಿ 10 ಡಾಲರ್ ಆಗುತ್ತದೆ. ಒಂದೇ ವಸ್ತು ಕೊಳ್ಳುವ ಕಾಫಿ, ಊಟದ ಕೌಂಟರಿಗೆ ಇದು ನಡೆಯುತ್ತದೆ. ಬುಟ್ಟಿ ತುಂಬ ಕೊಳ್ಳುವ ದಿನಸಿ ಅಂಗಡಿಗೆ ನಡೆಯುವುದಿಲ್ಲ.

ಅಲ್ಲಿ ಉಳಿಯುವುದು ಗಿರಾಕಿಯ ಪರವಾಗಿ ಪೂರ್ಣಗೊಳಿಸುವುದು, ಅಂದರೆ ಮೊತ್ತವನ್ನು ರೌಂಡ್ ಮಾಡುವುದು. ವಾಪಸು ಕೊಡುವ ಮೊತ್ತವನ್ನು ಮುಂದಿನ 5 ಸೆಂಟಿಗೆ ಏರಿಸಿದರೆ ಬಿಲ್ಲಿಗೆ ಸರಾಸರಿ 2 ಸೆಂಟ್ ಖರ್ಚು. 100 ಬಿಲ್ಲಿಗೆ 2 ಡಾಲರ್, ಪೆನ್ನಿಯೇ ಬೇಡ. ಮುಂದಿನ 25 ಸೆಂಟಿಗೆ ಏರಿಸಿದರೆ 100 ಬಿಲ್ಲಿಗೆ 12 ಡಾಲರ್, ಆಗ ಕ್ವಾರ್ಟರ್ ಮಾತ್ರ ಇದ್ದರೆ ಸಾಕು. ಪೆನ್ನಿಯ ಅಭಾವಕ್ಕೆ ಮೊದಲನೆಯದು ಖಂಡಿತ ಲಾಭದ ಮಾರ್ಗ, ಎರಡನೆಯದನ್ನು ಡೈಮ್, ನಿಕಲ್ ಎರಡೂ ಮುಗಿದ ದಿನಕ್ಕೆ ಇಟ್ಟುಕೊಳ್ಳಬೇಕು. ತೆರಿಗೆಯನ್ನು ಪೂರ್ಣಗೊಳಿಸುವ ಮೊದಲಿನ ಮೊತ್ತದ ಮೇಲೇ ಹಾಕಬೇಕು. ವ್ಯತ್ಯಾಸಕ್ಕೆ ಪುಸ್ತಕದಲ್ಲಿ ಬೇರೆ ಖಾತೆ ಇರಬೇಕು. ಇಲ್ಲದಿದ್ದರೆ ಅದು ಗಲ್ಲಾದ ಕೊರತೆಯಾಗಿ ಕಂಡು ಕ್ಯಾಷಿಯರ್ ಮೇಲೆ ಸುಮ್ಮನೆ ಅನುಮಾನ ಬರುತ್ತದೆ. ಅರ್ಧ ಕಾರ್ಡು ಅರ್ಧ ನಗದು ಕೊಡುವವರಿಗೆ ನಗದಿನ ಭಾಗಕ್ಕೆ ಮಾತ್ರ ಇದು ಅನ್ವಯ. ಚಿಲ್ಲರೆಯನ್ನು ದಾನಕ್ಕೆ ಬಿಡುತ್ತೀರಾ ಎಂದು ಕೇಳುವ ಅಂಗಡಿಗಳು ಆ ಹಣವನ್ನು ವರಮಾನಕ್ಕೆ ಸೇರಿಸದೆ ಕೊಡಬೇಕಾದ ಬಾಕಿಯಾಗಿ ಬರೆಯಬೇಕು.

ನಗದು ತೆಗೆದುಕೊಳ್ಳುವುದಿಲ್ಲ ಎಂಬ ಬೋರ್ಡ್ ಹಾಕುವ ಮುನ್ನ ಊರಿನ ಕಾನೂನು ನೋಡಿ. ಖಾಸಗಿ ಅಂಗಡಿ ನಗದು ಸ್ವೀಕರಿಸಲೇಬೇಕೆಂದು ಒಕ್ಕೂಟದ ಕಾನೂನು ಹೇಳುವುದಿಲ್ಲ, ಆದರೆ ಮ್ಯಾಸಚೂಸೆಟ್ಸ್, ನ್ಯೂ ಜೆರ್ಸಿ, ಫಿಲಡೆಲ್ಫಿಯಾ, ಸ್ಯಾನ್ ಫ್ರಾನ್ಸಿಸ್ಕೊಗಳಲ್ಲಿ 2020ಕ್ಕೆ ಮೊದಲೇ ಅಂಥ ನಿಯಮಗಳಿದ್ದವು. ಬ್ಯಾಂಕ್ ಖಾತೆಯೇ ಇಲ್ಲದವರು ಅಲ್ಲೂ ಬಹಳ ಮಂದಿ ಇದ್ದಾರೆ. ಚಿಲ್ಲರೆಯಿಲ್ಲ ಎಂದು ಅವರನ್ನು ಬಾಗಿಲಿನಿಂದಲೇ ಕಳಿಸುವುದು ನ್ಯಾಯವಲ್ಲ. "ಸರಿಯಾದ ಚಿಲ್ಲರೆ ಇದ್ದರೆ ದಯವಿಟ್ಟು ಕೊಡಿ" ಎಂಬ ಬೋರ್ಡ್ ಕಾನೂನಿಗೂ ಸರಿ, ನಾಣ್ಯವನ್ನೂ ತರುತ್ತದೆ.

2025ರ ನವೆಂಬರ್‌ನಲ್ಲಿ ಚಲಾವಣೆಗೆಂದು ಪೆನ್ನಿ ತಯಾರಿಸುವುದನ್ನು ಟಂಕಸಾಲೆ ನಿಲ್ಲಿಸಿದ್ದರಿಂದ ಈ ಲೆಕ್ಕಗಳು ಮತ್ತೆ ಮೇಜಿನ ಮೇಲೆ ಬಂದಿವೆ. 5 ಸೆಂಟಿಗೆ ಪೂರ್ಣಗೊಳಿಸಿದ ಮೇಲೂ 100 ಬಿಲ್ಲಿಗೆ 150 ಕ್ವಾರ್ಟರ್, 80 ಡೈಮ್, 40 ನಿಕಲ್ ಎಂಬ ಅಂಕಿಗಳು ಬದಲಾಗುವುದಿಲ್ಲ. ನಿಕಲ್ ಮುಗಿದಾಗ ಕೈಹಿಡಿಯಲು ಪೆನ್ನಿ ಇರುವುದಿಲ್ಲ ಎಂಬುದಷ್ಟೇ ಹೊಸದು. ಆದ್ದರಿಂದ ನಿಕಲ್ ದಾಸ್ತಾನಿನ ಕನಿಷ್ಠ ಮಟ್ಟವನ್ನು ಈಗಲೇ ಏರಿಸಿ, 100 ನಗದು ಬಿಲ್ಲಿಗೆ 1 ರೋಲ್ ಇದ್ದ ಕಡೆ 2 ರೋಲ್ ಮಾಡಿಟ್ಟುಕೊಳ್ಳಿ.