ಕೊಂಡು ಕೊಟ್ಟರೆ ಆಗಲ್ವಾ?

ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಮದುವೆಮನೆಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ. ಬೆಂಗಳೂರಿನಿಂದ ಬಂದ ನೆಂಟರಂತೂ ಚಹಾ ಲೋಟ ಕೆಳಗಿಡುವ ಮೊದಲೇ ಶುರು ಮಾಡುತ್ತಾರೆ. "ಅಕ್ಕೋರೇ, ಅಷ್ಟು ಜನ ಸೇರಿ ಮೈಕೈ ಕೆಸರು ಮಾಡ್ಕೊಂಡು ತರಕಾರಿ ಬೆಳೆದು ಹಂಚ್ತೀರಲ್ಲ, ಅದೇ ದುಡ್ಡಲ್ಲಿ ಪೇಟೆಯಿಂದ ಕೊಂಡು ಕೊಟ್ಟರೆ ಆಗಲ್ವಾ?"

ಟೀಚರ್ ಕೆಲಸದಿಂದ ನಿವೃತ್ತಿಯಾದ ಮೇಲೂ ನಮ್ಮ ಕಡೆ ನಾನು ಅಕ್ಕೋರೇ. ಹಾಗಾಗಿ ಉತ್ತರವನ್ನೂ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ತೋಟದ ವಿಷಯ. ಅಂಕೋಲಾದಿಂದ ಸ್ವಲ್ಪ ಒಳಗೆ 20 ಗುಂಟೆ ಜಾಗ, ಅಂದ್ರೆ ಅರ್ಧ ಎಕರೆ. ಮನೆಯ ಮಕ್ಕಳೆಲ್ಲ ಮುಂಬೈ ಸೇರಿ ಗದ್ದೆ ವರ್ಷಗಟ್ಟಲೆ ಬೀಳು ಬಿದ್ದಿತ್ತು. ಕೇಳಿದ್ದಕ್ಕೆ ಖುಷಿಯಿಂದಲೇ ಕೊಟ್ಟರು. ಕೆಲಸ ಮಾಡುವವರು ಊರಿನ ಹಿರಿಯರು, ಅಕ್ಕಪಕ್ಕದ ಮನೆಯ ಹೆಂಗಸರು, ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳು. ಯಾರಿಗೂ ಸಂಬಳವಿಲ್ಲ. ಮಳೆಗಾಲದಲ್ಲಿ ಕೆಳಗಿನ ಗದ್ದೆಯಲ್ಲಿ ಭತ್ತ, ಮೇಲಿನ ದಿಬ್ಬದಲ್ಲಿ ಬೆಂಡೆ, ಹೀರೆ, ಮುಳ್ಳುಸೌತೆ. ಭತ್ತ ಕೊಯ್ದ ಮೇಲೆ ನವೆಂಬರಿನಿಂದ ಪೂರಾ ತರಕಾರಿ: ಹರಿವೆ, ಬಸಳೆ, ಅಲಸಂದೆ, ಬದನೆ, ಮೊಗೆಕಾಯಿ (ಸಾಂಬಾರು ಸೌತೆ). ಬೆಳೆದದ್ದು ಒಂದು ಶಾಲೆಯ ಬಿಸಿಯೂಟಕ್ಕೆ, ಒಂದು ಹಾಸ್ಟೆಲಿಗೆ, ಒಂದು ವೃದ್ಧಾಶ್ರಮಕ್ಕೆ ಹೋಗುತ್ತದೆ. ಮಾರುವುದಿಲ್ಲ.

ಇನ್ನು ಪ್ರಶ್ನೆ. ಲೆಕ್ಕದ ಮಟ್ಟಿಗೆ ಕೇಳುವವರು ಹೇಳುವುದು ತಪ್ಪಲ್ಲ. ಬೇಲಿ, ಬೀಜ, ಪಂಪಿನ ಕರೆಂಟು, ತಲುಪಿಸುವ ರಿಕ್ಷಾ ಬಾಡಿಗೆ ಎಲ್ಲ ಸೇರಿಸಿದರೆ ಕೆಲವು ತಿಂಗಳು ನಮ್ಮ ಬದನೆಕಾಯಿ ಸಂತೆಯ ಬದನೆಕಾಯಿಗಿಂತ ದುಬಾರಿಯೇ ಬೀಳುತ್ತದೆ. ಮಂಗಗಳ ಗುಂಪು ಒಂದು ಬೆಳಿಗ್ಗೆ ಇಳಿದು ಹೋದರಂತೂ ಆ ವಾರದ ಲೆಕ್ಕವೇ ಬೇಡ. ಇದನ್ನು ನಾನು ಯಾರ ಹತ್ತಿರವೂ ಮುಚ್ಚಿಡುವುದಿಲ್ಲ.

ಆದರೆ ಪೇಟೆಯ ತರಕಾರಿ ಎಲ್ಲಿಂದ ಬರುತ್ತದೆ ಅಂತ ಕೇಳಿ ನೋಡಿ. ನಮ್ಮ ಕರಾವಳಿಗೆ ಹೆಚ್ಚಿನದು ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಘಟ್ಟ ಇಳಿದೇ ಬರಬೇಕು. ಸೊಪ್ಪು ಗಾಡಿ ಹತ್ತಿ, ಇಳಿದು, ಅಂಗಡಿ ಸೇರುವ ಹೊತ್ತಿಗೆ ಅರ್ಧ ಜೀವ ಹೋಗಿರುತ್ತದೆ. ಘಟ್ಟವೇ ಬಂದ್ ಆದರೆ? 2021ರ ಜುಲೈ ಮಳೆಯಲ್ಲಿ ಅರಬೈಲ್ ಘಟ್ಟ ಕುಸಿದು ಹುಬ್ಬಳ್ಳಿ ರಸ್ತೆ ನಿಂತಿತ್ತು. 2024ರ ಜುಲೈ 16ರಂದು ನಮ್ಮ ತಾಲ್ಲೂಕಿನ ಶಿರೂರಿನಲ್ಲಿ ಕರಾವಳಿ ಹೆದ್ದಾರಿಯ ಮೇಲೆ ಗುಡ್ಡ ಜಾರಿ ಜೀವಗಳೇ ಹೋದವು. ಆ ನೋವಿನ ಮುಂದೆ ತರಕಾರಿಯ ಮಾತು ದೊಡ್ಡದಲ್ಲ, ಗೊತ್ತು. ಆದರೂ ಹೆದ್ದಾರಿ ನಿಂತ ದಿನಗಳಲ್ಲಿ ಅಡುಗೆಮನೆಗಳು ನಡೆಯಲೇಬೇಕಿತ್ತು. ಆಗ ನಮ್ಮಲ್ಲಿ ಹಸಿ ತರಕಾರಿ ಜಾಸ್ತಿ ಏನೂ ಇರಲಿಲ್ಲ, ಆಷಾಢದ ಮಳೆಯಲ್ಲಿ ಹೂವೇ ನಿಲ್ಲುವುದಿಲ್ಲ. ಆದರೆ ಬೇಸಿಗೆಯಲ್ಲಿ ಕೊಯ್ದ ಮೊಗೆಕಾಯಿ ಇತ್ತು. ಬಾಳೆನಾರಿನಲ್ಲಿ ಒಂದೊಂದನ್ನೇ ಕಟ್ಟಿ, ಒಂದಕ್ಕೊಂದು ತಾಗದ ಹಾಗೆ ಮಾಡಿನ ಜಂತಿಗೆ ನೇತು ಹಾಕಿದ್ದೆವು. ನಮ್ಮ ಅಜ್ಜಿಯರ ಕಾಲದಿಂದ ಬಂದ ಉಪಾಯ ಅದು. ಹೊಗೆ, ಗಾಳಿ ಆಡುವ ಜಾಗದಲ್ಲಿದ್ದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಏಣಿ ಹಾಕಿ ಇಳಿಸಿದ್ದು ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗರು. ಏಪ್ರಿಲ್‌ನಲ್ಲಿ "ಇದನ್ನೆಲ್ಲ ಯಾಕೆ ಕಟ್ಟಬೇಕು?" ಅಂತ ಗೊಣಗಿದವರೂ ಅವರೇ.

ಈಗ ನಿಜವಾದ ಉತ್ತರಕ್ಕೆ ಬರುತ್ತೇನೆ. ಅದು ಈ ಮಕ್ಕಳದ್ದೇ.

ಶಾಲೆಯಲ್ಲಿ ನಾನು ಎಷ್ಟೋ ವರ್ಷ ಪಾಠ ಮಾಡಿದೆ. ಬೀಜ ಮೊಳೆಯುವುದು, ಪರಾಗ, ಕಾಯಿ ಕಟ್ಟುವುದು ಎಲ್ಲ ಬೋರ್ಡಿನ ಮೇಲೆ ಬರೆದಿದ್ದೇನೆ. ಅದೇ ಮಕ್ಕಳನ್ನು ತೋಟಕ್ಕೆ ಕರೆದುಕೊಂಡು ಬಂದಾಗ, ಹೀರೆ ಬಳ್ಳಿಯಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ ಅಂತ ತೋರಿಸಿದರೆ ಬಾಯಿ ಬಿಟ್ಟುಕೊಂಡು ನಿಂತರು. ಹೆಣ್ಣು ಹೂವಿನ ಬುಡದಲ್ಲೇ ಬೆರಳಿನಷ್ಟು ಪುಟ್ಟ ಕಾಯಿ ಇರುತ್ತದಲ್ಲ, ಅದನ್ನು ಕಣ್ಣಾರೆ ಕಂಡ ಮೇಲೆ ಒಬ್ಬಳು, "ಹಾಗಾದ್ರೆ ಈ ಹೂವು ಕಿತ್ತರೆ ಒಂದು ಹೀರೇಕಾಯಿ ಹೋದ ಹಾಗೆ ಅಲ್ವಾ ಅಕ್ಕೋರೇ?" ಅಂದಳು. ಹೂವು ಕೀಳುವುದು ಅವತ್ತೇ ನಿಂತಿತು. ನಾನು ಬಯ್ಯಬೇಕಾಗಲಿಲ್ಲ.

ನಮ್ಮಲ್ಲಿಗೆ ಬರುವ ಹೆಚ್ಚಿನ ಮಕ್ಕಳ ಮನೆಯಲ್ಲಿ ಒಂದು ಕಾಲಕ್ಕೆ ಗದ್ದೆ ಇತ್ತು. ಈಗ ಅಪ್ಪ ಗೋವಾದಲ್ಲೋ ಕಾರವಾರದಲ್ಲೋ ಕೆಲಸಕ್ಕೆ ಹೋಗುತ್ತಾರೆ. ಗದ್ದೆಯಲ್ಲಿ ಹುಲ್ಲು. ಕತ್ತಿ ಹಿಡಿಯುವುದು, ಓಳಿ ತೆಗೆಯುವುದು, ಚಪ್ಪರ ಕಟ್ಟುವುದು ಅಜ್ಜನಿಗೆ ಗೊತ್ತು, ಮೊಮ್ಮಗನಿಗೆ ಗೊತ್ತಿಲ್ಲ. ನಡುವೆ ಒಂದು ತಲೆಮಾರು ತಪ್ಪಿಹೋಗಿದೆ. ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಮಕ್ಕಳೂ ಬರುತ್ತಾರೆ. ಅವರಿಗೆ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು ಅಂತ ಇದೆ. ಗಂಟೆ ತುಂಬಿಸಲು ಬಂದವರಲ್ಲಿ ಕೆಲವರು ಗಂಟೆ ತುಂಬಿದ ಮೇಲೂ ಬರುತ್ತಿದ್ದಾರೆ.

ಒಂದು ಭಾನುವಾರದ ಮಾತು ಹೇಳಬೇಕು. ಹಾಸ್ಟೆಲಿಗೆ ಕಳಿಸಲು ಬೆಂಡೆಕಾಯಿ ಕೊಯ್ದು ಗೋಣಿಚೀಲದ ಮೇಲೆ ಸುರಿದಿದ್ದೆವು. ಒಬ್ಬ ಹುಡುಗ ಕುಕ್ಕರುಗಾಲಲ್ಲಿ ಕೂತು ಎರಡು ಪಾಲು ಮಾಡುತ್ತಿದ್ದ. ಎಳೆಯದು, ನೇರವಾದದ್ದು ಒಂದು ಬುಟ್ಟಿಗೆ. ಬಲಿತದ್ದು, ಹುಳ ಕೊರೆದದ್ದು, ಸೊಟ್ಟಗಾದದ್ದು ಇನ್ನೊಂದಕ್ಕೆ. ಪಕ್ಕದ ಕೇರಿಯಿಂದ ನಮ್ಮ ತೋಟಕ್ಕೆ ಬರುವ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರು ಇದ್ದಾರೆ. ಅವರು ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ಕೇಳಿದರು:

"ತಮಾ, ಹಾಸ್ಟೆಲಿಗೆ ಯಾವ ಬುಟ್ಟಿ?"

ಹುಡುಗ ಬಲಿತ ಕಾಯಿಯ ಬುಟ್ಟಿ ತೋರಿಸಿದ. ಒಳ್ಳೆಯದನ್ನು ನಮ್ಮ ನಮ್ಮೊಳಗೆ ಹಂಚಿಕೊಳ್ಳುವುದು ಅಂತ ಅವನ ಲೆಕ್ಕ. ದುಡಿದವರು ನಾವಲ್ವಾ? ಅಜ್ಜಿ ಬಯ್ಯಲಿಲ್ಲ. ಬಲಿತ ಬೆಂಡೆಯೊಂದನ್ನು ಎತ್ತಿ ತುದಿ ಬಗ್ಗಿಸಿದರು. ಅದು ಮುರಿಯಲಿಲ್ಲ, ನಾರಿನ ಹಾಗೆ ಬಳುಕಿತು. "ಇದನ್ನ ನಿನ್ನ ಬಟ್ಟಲಿಗೆ ಹಾಕಿದ್ರೆ ತಿಂತ್ಯಾ?" ಅಂದರು. ಅವನು ಏನೂ ಹೇಳದೆ ಬುಟ್ಟಿ ಅದಲು ಬದಲು ಮಾಡಿದ. ನಾವು ತಿನ್ನದ್ದನ್ನು ಕೊಡುವುದಿಲ್ಲ ಅನ್ನುವುದು ಅವತ್ತಿನಿಂದ ತೋಟದ ನಿಯಮವಾಯಿತು. ಬಲಿತದ್ದರಲ್ಲಿ ಚೆನ್ನಾಗಿರುವ ನಾಲ್ಕು ಕಾಯಿ ಬೀಜಕ್ಕೆ, ಉಳಿದದ್ದು ದನಕ್ಕೆ, ಗೊಬ್ಬರದ ಗುಂಡಿಗೆ.

ಬೀಜದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಮೊದಲ ವರ್ಷ ಪೇಟೆಯಿಂದ ಹೈಬ್ರಿಡ್ ಬೀಜ ತಂದೆವು. ಬೆಳೆ ಚೆನ್ನಾಗಿಯೇ ಬಂತು. ಅದೇ ಗಿಡದ ಬೀಜ ಹಿಡಿದು ಮರುವರ್ಷ ಹಾಕಿದರೆ ಒಂದು ಕಾಯಿ ಇದ್ದ ಹಾಗೆ ಇನ್ನೊಂದಿಲ್ಲ. ಹೈಬ್ರಿಡ್ ಬೀಜದ ಗುಣವೇ ಅದು, ಎರಡನೇ ತಲೆಗೆ ಗುಣ ಒಡೆದುಹೋಗುತ್ತದೆ. ಪುಸ್ತಕದಲ್ಲಿ ಓದಿದ್ದರೂ ನನಗೆ ಆಗ ನೆನಪಾಗಲಿಲ್ಲ. ಆಮೇಲೆ ಅದೇ ಅಜ್ಜಿ ತಮ್ಮ ಮನೆಯ ಮೊಗೆಕಾಯಿ, ಹರಿವೆ, ಬೆಂಡೆ ಬೀಜ ಕೊಟ್ಟರು. ಮೊಗೆಯ ಬೀಜವನ್ನು ಬೂದಿಯಲ್ಲಿ ಕಲಸಿ ಗೋಡೆಗೆ ಮೆತ್ತಿಡುವುದನ್ನು ಮಕ್ಕಳಿಗೆ ಕಲಿಸಿದರು. ಇರುವೆ, ಹುಳ ಹತ್ತಿರ ಬರುವುದಿಲ್ಲ. ಬಿತ್ತುವ ದಿನ ಗೋಡೆಯಿಂದ ಕೆರೆದು ತೆಗೆದರಾಯಿತು. ನಮ್ಮ ಅಂಕೋಲಾ ತಾಲ್ಲೂಕಿನವರೇ ಆದ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದವರು. ಯಾವ ಮರದ ಬೀಜ ಯಾವಾಗ ಆಯಬೇಕು ಅಂತ ಅವರಿಗೆ ಗೊತ್ತಿತ್ತು. ಆ ತಿಳಿವಿಗೇ ಪದ್ಮಶ್ರೀ ಬಂತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ತೋಟದ ಮಕ್ಕಳು ನನ್ನನ್ನು ಕೇಳಿದ್ದು, "ಅವರಿಗೆ ಗೊತ್ತಿದ್ದದ್ದೆಲ್ಲ ಯಾರಾದ್ರೂ ಕಲಿತುಕೊಂಡಿದ್ದಾರಾ?" ಅಂತ. ಆ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿದೆ.

ಕೊಡುವುದರಲ್ಲೂ ನಾವು ತಪ್ಪಿದ್ದೇವೆ. ಶುರುವಿನಲ್ಲಿ ಒಂದು ಸಲ ಹರಿವೆ ಒಟ್ಟಿಗೇ ಬಂತು. ಹರಿವೆ ಬಿತ್ತಿದ ತಿಂಗಳೊಳಗೆ ಕೀಳಲೇಬೇಕು, ಬಿಟ್ಟರೆ ದಂಟು ಬಲಿಯುತ್ತದೆ. ಖುಷಿಯಲ್ಲಿ ಹೊರೆಗಟ್ಟಲೆ ಕಟ್ಟಿ ವೃದ್ಧಾಶ್ರಮಕ್ಕೆ ಇಳಿಸಿ ಬಂದೆವು. ಕೇಳಲೇ ಇಲ್ಲ. ಅಲ್ಲಿ ಅಡುಗೆಗೆ ಇರುವುದು ಇಬ್ಬರು. ಅಷ್ಟು ಸೊಪ್ಪು ಬಿಡಿಸಿ, ತೊಳೆದು, ಹೆಚ್ಚುವವರು ಯಾರು? ಮೂರನೇ ದಿನಕ್ಕೆ ಅರ್ಧಕ್ಕರ್ಧ ಹಳದಿಯಾಗಿ ದನದ ಪಾಲಾಯಿತು. ತಪ್ಪು ಪೂರಾ ನಮ್ಮದು. ಹೋಗಿ ಕ್ಷಮೆ ಕೇಳಿದೆವು. ಅಡುಗೆಯ ಅಕ್ಕ ಕೂರಿಸಿ ಚಹಾ ಕೊಟ್ಟು ಹೇಳಿದ್ದು ಇಷ್ಟು: "ತರುವ ಮೊದಲು ಒಂದು ಫೋನ್ ಮಾಡಿ. ಇಲ್ಲಿ ಜಾಸ್ತಿ ಜನಕ್ಕೆ ಹಲ್ಲಿಲ್ಲ. ಎಳೆ ಹೀರೆ, ಬಸಳೆ, ಮೊಗೆಕಾಯಿ ಆದ್ರೆ ಮೆತ್ತಗೆ ಬೇಯ್ತದೆ. ಅಲಸಂದೆ ಬೇಡ."

ಈಗ ಆ ಫೋನ್ ಮಾಡುವ ಕೆಲಸ ಮಕ್ಕಳದ್ದು. ವಾರಕ್ಕೊಬ್ಬರು. ಒಂದು ನೋಟ್‌ಬುಕ್ ಇಟ್ಟಿದ್ದಾರೆ, ಯಾರಿಗೆ ಏನು ಬೇಕು, ಎಷ್ಟು ಬೇಕು, ಯಾವತ್ತು ಬೇಕು ಅಂತ. ಬಿಸಿಯೂಟದ ಲೆಕ್ಕವೂ ಅದರಲ್ಲಿದೆ. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಆರರಿಂದ ಎಂಟಕ್ಕೆ 75 ಗ್ರಾಂ. 60 ಪುಟ್ಟ ಮಕ್ಕಳಿದ್ದರೆ ದಿನಕ್ಕೆ 3 ಕೆಜಿ. ಈ ಲೆಕ್ಕ ಗೊತ್ತಾದ ಮೇಲೆ ಪಾತಿ ಮಾಡುವ ರೀತಿಯೇ ಬದಲಾಯಿತು. ಹರಿವೆಯನ್ನು ಒಂದೇ ದಿನ ಬಿತ್ತುವುದಿಲ್ಲ, ಹತ್ತು ದಿನಕ್ಕೊಂದು ಪಾತಿ. ಆಶ್ರಮದವರಿಗಾಗಿ ಹೀರೆಗೆ ಇನ್ನೊಂದು ಚಪ್ಪರ ಎದ್ದಿತು. ಹಲ್ಲಿಲ್ಲದ ಒಬ್ಬ ಅಜ್ಜ ಏನು ತಿನ್ನಬಲ್ಲರು ಅಂತ ಯೋಚಿಸಿ ಹದಿನಾಲ್ಕು ವರ್ಷದ ಹುಡುಗಿ ಬೀಜ ಬಿತ್ತುತ್ತಾಳೆ. ಕೊಂಡು ಕೊಡುವುದರಲ್ಲಿ ಇದು ನನಗೆ ಸಿಗುವುದಿಲ್ಲ. ಯಾರಾದರೂ ಪ್ರಶ್ನೆ ಕೇಳಿದಾಗ ನನಗೆ ಮೊದಲು ನೆನಪಾಗುವುದೂ ಆ ಹುಡುಗಿಯೇ.

ಸೇರಿ ಬೆಳೆಯುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಅನ್ನುವ ಮುಯ್ಯಾಳು ಮಾತು ಸುಮ್ನೆ ಹುಟ್ಟಿದ್ದಲ್ಲ. ಕುಮಟಾದ ಮಾಣಿಕಟ್ಟಾದಲ್ಲಿ ಅಘನಾಶಿನಿ ಹಿನ್ನೀರಿನ ಗಜನಿಯಲ್ಲಿ, ಅಂದ್ರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುವವರು ಇಂದಿಗೂ ಒಟ್ಟಾಗಿ ಮಾಡುತ್ತಾರೆ. ಉಪ್ಪುನೀರನ್ನೂ ನೆರೆಯನ್ನೂ ತಡೆಯುವ ಭತ್ತ ಅದು. ಗೊಬ್ಬರ ಹಾಕುವುದಿಲ್ಲ. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ಹುಲ್ಲನ್ನು ನೀರಿಗೇ ಬಿಡುತ್ತಾರೆ, ಮೀನಿಗೆ, ಶೆಟ್ಲಿಗೆ (ಸಿಗಡಿಗೆ) ಮೇವಾಗಲಿ ಅಂತ. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಮೊಣಕಾಲುದ್ದ ಕೆಸರಲ್ಲಿ ನಿಂತು ಬಂದವರು ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಅದೇ ಮಾತಾಡಿದರು.

ಇನ್ನು ನಮ್ಮ ಕಷ್ಟದ ತಿಂಗಳು. ಕರಾವಳಿಯಲ್ಲಿ ಇಷ್ಟೊಂದು ಮಳೆ ಬಂದರೂ ಏಪ್ರಿಲ್ ಹೊತ್ತಿಗೆ ಬಾವಿ ತಳ ಕಾಣುತ್ತದೆ. ಹೊಳೆ ಹತ್ತಿರದ ಜಾಗವಾದ್ದರಿಂದ ಕೆಲವು ವರ್ಷ ನೀರು ಸವಳಾಗುತ್ತದೆ. ಮೊದಲು ಬಾಡುವುದು ಸೊಪ್ಪು. ಎಷ್ಟು ತರಗೆಲೆ ಹೊದೆಸಿದರೂ ಉಳಿಯುವುದು ಬಸಳೆ ಚಪ್ಪರ, ನಾಲ್ಕು ಬದನೆ ಗಿಡ. ಹೋದ ಬೇಸಿಗೆಯಲ್ಲಿ ಮೂರು ವಾರ ಕೊಡಲು ನಮ್ಮ ಹತ್ತಿರ ಏನೂ ಇರಲಿಲ್ಲ. ಶಾಲೆಗೆ ರಜೆ, ಆದರೆ ಆಶ್ರಮಕ್ಕೆ ರಜೆ ಇರುತ್ತದಾ? ಆಗ ನಾವೂ ದುಡ್ಡು ಕೂಡಿಸಿ ಕೊಂಡೇ ಕೊಟ್ಟೆವು. ಕೊಂಡು ಕೊಡುವುದು ತಪ್ಪು ಅಂತ ನಾನು ಯಾವತ್ತೂ ಹೇಳಿಲ್ಲ.

ಸಂತೆಗೆ ಹೋದದ್ದು ಮಕ್ಕಳೇ. ನಾನು ಚೀಲ ಹಿಡಿದು ಹಿಂದೆ ನಿಂತಿದ್ದೆ. ಬದನೆಯ ತೊಟ್ಟು ಹಸಿರಿದೆಯಾ ಅಂತ ತಿರುಗಿಸಿ ನೋಡಿದರು. ಹೀರೆಯ ಏಣು ಬೆರಳಲ್ಲಿ ಒತ್ತಿದರು. ಅವತ್ತು ಬುಟ್ಟಿ ಅದಲು ಬದಲು ಮಾಡಿದ ಹುಡುಗ ಬೆಂಡೆಕಾಯಿ ರಾಶಿಯ ಮುಂದೆ ಕೂತು ತುದಿ ಮುರಿದು ನೋಡತೊಡಗಿದ.

"ಮುರೀಬೇಡ ತಮಾ, ಮುರಿದದ್ದನ್ನ ಮತ್ಯಾರು ತಕ್ಕೊಳ್ತಾರೆ?" ಅಂದರು ಮಾರುವ ಅಮ್ಮ.

"ಮುರಿದದ್ದೆಲ್ಲ ನಾನೇ ತಗೊಳ್ತೇನಮ್ಮ," ಅಂದ ಅವನು. "ಮುರಿಯದೇ ಬಳುಕಿದ್ದು ಮಾತ್ರ ಬೇಡ."