ಬೇಸಿಗೆಗೊಂದು ಡಬ್ಬಿ, ಚಳಿಗಾಲಕ್ಕೊಂದು ಡಬ್ಬಿ

ನಮ್ಮಜ್ಜನ ನಶ್ಯದ ಡಬ್ಬಿ ತಗಡಿನದು. ಮುಚ್ಚಳ ಸಡಿಲ. ಜೇಬಿನ ತುಂಬ ನಶ್ಯ ಚೆಲ್ಲಿಕೊಂಡು ಬರುತ್ತಿದ್ದರು. ಅಂಗಿ ಒಗೆಯಲು ಕೂತ ಅಜ್ಜಿ ಸೀನುತ್ತಲೇ ಬೈಯುತ್ತಿದ್ದಳು. ಲಂಡನ್ನಿಗೆ ಹೋದಾಗ ನಶ್ಯದ ಡಬ್ಬಿ ನೋಡಬೇಕು ಅಂತ ನಾನು ಹಟ ಹಿಡಿದದ್ದಕ್ಕೆ ಇದೇ ಕಾರಣ.

"ಚಿಕ್ಕಪ್ಪ, ಊರಿಂದ ಬಂದವರೆಲ್ಲ ಅರಮನೆ ತೋರಿಸು ಅಂತಾರೆ. ನೀವು ನಶ್ಯ ಅಂತೀರಲ್ಲ!" ಎಂದಳು ಅಣ್ಣನ ಮಗಳು. ಆದರೂ ಕರೆದುಕೊಂಡು ಹೊರಟಳು.

ಮೊದಲು ಹೇಮಾರ್ಕೆಟ್ ರಸ್ತೆಯ 34ನೇ ನಂಬರು. 1720ರಲ್ಲಿ ಶುರುವಾದ ಫ್ರೈಬರ್ಗ್ ಅಂಡ್ ಟ್ರೇಯರ್ ನಶ್ಯದಂಗಡಿ ಇಲ್ಲಿತ್ತು. 1981ರಲ್ಲಿ ಮುಚ್ಚಿತು. ಹೊರಕ್ಕೆ ಉಬ್ಬಿದ, ಚೌಕ ಚೌಕ ಗಾಜಿನ ಹಳೇ ಕಿಟಕಿಗಳು ಮಾತ್ರ ಹಾಗೇ ಇವೆ. ಮಳೆ ಹನಿಯುತ್ತಿತ್ತು. ಹಿಂದೆ ಅಂಗಡಿಗೆ 'ಅರ ಮತ್ತು ಕಿರೀಟ' ಅನ್ನೋ ಗುರುತಿತ್ತು. ಗಟ್ಟಿಯಾಗಿ ಸುತ್ತಿದ ಹೊಗೆಸೊಪ್ಪನ್ನು ಅರದ ಮೇಲೆ ಉಜ್ಜಿ ಪುಡಿ ಮಾಡುತ್ತಿದ್ದರಲ್ಲ, ಅದೇ ಅರ. ಮೂರನೇ ಜಾರ್ಜ್ ದೊರೆಯ ಹೆಂಡತಿ ಷಾರ್ಲಟ್‌ಗೆ ನಶ್ಯದ ಹುಚ್ಚು ಎಷ್ಟಿತ್ತೆಂದರೆ, ಜನ ಆಕೆಗೆ 'ನಶ್ಯದ ಷಾರ್ಲಟ್' ಅಂತಲೇ ಹೆಸರಿಟ್ಟಿದ್ದರು. ಅಜ್ಜಿಗೆ ಹೇಳಿದ್ದರೆ ನಂಬುತ್ತಿರಲಿಲ್ಲ.

ಅಲ್ಲಿಂದ ಮ್ಯಾಂಚೆಸ್ಟರ್ ಸ್ಕ್ವೇರ್‌ಗೆ. ಬಾಂಡ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ಹತ್ತಿರವೇ. ಹರ್ಟ್‌ಫರ್ಡ್ ಹೌಸ್ ಎಂಬ ದೊಡ್ಡ ಬಂಗಲೆಯೊಳಗೆ ವಾಲೇಸ್ ಕಲೆಕ್ಷನ್ ಎಂಬ ಮ್ಯೂಸಿಯಂ ಇದೆ. ಟಿಕೆಟ್ ಇಲ್ಲ. ಕತ್ತಿ, ಗುರಾಣಿ, ದೊಡ್ಡ ದೊಡ್ಡ ಚಿತ್ರಗಳನ್ನೆಲ್ಲ ದಾಟಿ ಮೇಲಿನ ಮಹಡಿಗೆ ಹೋದೆವು. ಗಾಜಿನ ಹಿಂದೆ ಸಾಲು ಸಾಲು ಚಿನ್ನದ ಡಬ್ಬಿಗಳು.

ಒಂದೊಂದೂ ಅಂಗೈಯಲ್ಲಿ ಅಡಗುವಷ್ಟೇ. ಹೆಚ್ಚಿನವು 18ನೇ ಶತಮಾನದ ಪ್ಯಾರಿಸ್‌ನವು. ಚಿನ್ನ ಅಂದರೆ ಹಳದಿ ಅಂದುಕೊಂಡಿದ್ದೆ. ಇಲ್ಲಿ ಒಂದೇ ಡಬ್ಬಿಯ ಮೇಲೆ ಕೆಂಪು ಚಿನ್ನದ ಹೂವು, ಹಸಿರು ಚಿನ್ನದ ಎಲೆ. ತಾಮ್ರ ಜಾಸ್ತಿ ಬೆರೆಸಿದರೆ ಕೆಂಪು, ಬೆಳ್ಳಿ ಜಾಸ್ತಿಯಾದರೆ ಹಸಿರು. ಜಾನ್ ಡುಕ್ರೊಲೇ ಎಂಬ ಅಕ್ಕಸಾಲಿಗನ ಡಬ್ಬಿಯ ಮೇಲೆ ನವಿಲುಗರಿ. ಅದು ಎನಾಮೆಲ್ ಕೆಲಸ. ಗಾಜಿನ ಪುಡಿಯನ್ನು ಚಿನ್ನದ ಮೇಲಿಟ್ಟು ಕುಲುಮೆಯಲ್ಲಿ ಕರಗಿಸಬೇಕು. ಒಂದೊಂದು ಬಣ್ಣ ಒಂದೊಂದು ಬಿಸಿಗೆ ಕರಗುತ್ತದೆ. ಹೆಚ್ಚು ಬಿಸಿ ಬೇಡುವ ಬಣ್ಣವನ್ನು ಮೊದಲು ಸುಟ್ಟು, ಕಡಿಮೆಯದನ್ನು ಕೊನೆಗೆ ಸುಡಬೇಕು. ಕೊನೆಯ ಸುಡುವಿಕೆಯಲ್ಲಿ ಬಿರುಕು ಬಿಟ್ಟರೆ ಅಷ್ಟೂ ದಿನದ ಕೆಲಸ ಮಣ್ಣುಪಾಲು.

ನನಗೆ ಹೊಟ್ಟೆಕಿಚ್ಚು ತಂದದ್ದು ಮಾತ್ರ ಕೀಲು. ಮುಚ್ಚಳ ಎಲ್ಲಿ ಸೇರುತ್ತದೆ ಅಂತ ಹುಡುಕಬೇಕು, ಅಷ್ಟು ನುಣುಪು. ನಶ್ಯ ಒಣಗಬಾರದು, ಚೆಲ್ಲಲೂಬಾರದು. ಕೀಲು ನೋಡಲು ಹೋಗಿ ಗಾಜಿಗೆ ಮೂಗು ತಾಗಿಸಿಬಿಟ್ಟೆ. ಕಾವಲಿನವರು ಮೆಲ್ಲಗೆ ಕೆಮ್ಮಿದರು.

ಒಳಗೆ ಪುಟ್ಟ ಪುಟ್ಟ ಮುದ್ರೆಗಳಿರುತ್ತವೆ. ನಮ್ಮ ಹಾಲ್‌ಮಾರ್ಕ್ ಇದ್ದ ಹಾಗೆ. ಮಾಡಿದವನದೊಂದು, ವರ್ಷ ತಿಳಿಸುವ ಅಕ್ಕಸಾಲಿಗರ ಸಂಘದ ಅಕ್ಷರವೊಂದು. ತೆರಿಗೆಯವರದು ಎರಡು: ಕೆಲಸ ಶುರುವಾದಾಗ ಒಂದು, ತೆರಿಗೆ ಕಟ್ಟಿದ ಮೇಲೆ ಇನ್ನೊಂದು. ಹಾಗಾಗಿ ಪ್ಯಾರಿಸ್ ಡಬ್ಬಿ ಯಾರದು, ಯಾವ ವರ್ಷದ್ದು ಅಂತ ಇವತ್ತಿಗೂ ಹೇಳಬಹುದು. ತೆರಿಗೆಯವರಿಂದ ಇಂಥ ಉಪಕಾರವೂ ಆಗುತ್ತದೆ ಅಂತ ಗೊತ್ತಿರಲಿಲ್ಲ!

ಇವುಗಳಲ್ಲಿ ಎಷ್ಟೋ ಡಬ್ಬಿ ನಶ್ಯವನ್ನೇ ಕಂಡಿರಲಿಕ್ಕಿಲ್ಲ. ದೊರೆಗಳು ರಾಯಭಾರಿಗಳಿಗೆ ವಜ್ರ ಕೂರಿಸಿದ ಡಬ್ಬಿ ಉಡುಗೊರೆ ಕೊಡುತ್ತಿದ್ದರು. ಪಡೆದವರು ಅದನ್ನು ಆಸ್ಥಾನದ ಆಭರಣದವನಿಗೇ ವಾಪಸ್ ಕೊಟ್ಟು ದುಡ್ಡು ಎಣಿಸಿಕೊಳ್ಳುವುದೂ ಇತ್ತು. ಪ್ರಷ್ಯಾದ ದೊರೆ ಫ್ರೆಡರಿಕ್ ಮಾತ್ರ ನಿಜವಾದ ನಶ್ಯದವನು. 1759ರ ಕುನೆರ್ಸ್‌ಡಾರ್ಫ್ ಯುದ್ಧದಲ್ಲಿ ಅವನಿಗೆ ಬಿದ್ದ ಗುಂಡನ್ನು ಜೇಬಿನಲ್ಲಿದ್ದ ಡಬ್ಬಿ ತಡೆಯಿತು ಅನ್ನುತ್ತಾರೆ. ತಗ್ಗು ಬಿದ್ದ ಆ ಡಬ್ಬಿ ಜರ್ಮನಿಯ ಹೊಹೆನ್‌ಝೊಲರ್ನ್ ಕೋಟೆಯಲ್ಲಿದೆ. ಇಂಗ್ಲೆಂಡಿನ ಲಾರ್ಡ್ ಪೀಟರ್‌ಶಾಮ್ ಬಳಿ ವರ್ಷದ ದಿನಕ್ಕೊಂದರಂತೆ ಡಬ್ಬಿಗಳಿದ್ದವಂತೆ. ಯಾರೋ ಅವನ ತಿಳಿನೀಲಿ ಡಬ್ಬಿಯನ್ನು ಹೊಗಳಿದ್ದಕ್ಕೆ, "ಬೇಸಿಗೆಗೆ ಪರವಾಗಿಲ್ಲ, ಚಳಿಗಾಲಕ್ಕೆ ಸರಿಹೋಗಲ್ಲ" ಅಂದನಂತೆ.

ಇವನ್ನೆಲ್ಲ ಕೂಡಿಸಿದ ಮನೆತನದ ಕಥೆಯೂ ಚೆನ್ನಾಗಿದೆ. ನಾಲ್ಕನೇ ಹರ್ಟ್‌ಫರ್ಡ್ ಪ್ರಭು ಇಂಗ್ಲಿಷಿನವನಾದರೂ ಬದುಕಿದ್ದು ಹೆಚ್ಚಾಗಿ ಪ್ಯಾರಿಸ್‌ನಲ್ಲಿ. ಫ್ರಾನ್ಸಿನ ಕ್ರಾಂತಿಯ ನಂತರ ಹಳೇ ಸಿರಿವಂತರ ವಸ್ತುಗಳು ಕೈ ಬದಲಾಗುತ್ತಿದ್ದ ಕಾಲ. ಒಂದೇ ಸಮನೆ ಕೊಂಡ. 1870ರಲ್ಲಿ ತೀರಿಕೊಂಡ ಮೇಲೆ ಎಲ್ಲ ರಿಚರ್ಡ್ ವಾಲೇಸ್‌ಗೆ ಬಂತು. ಪ್ರಭುವಿಗೆ ಮದುವೆಯಾಗದೆ ಹುಟ್ಟಿದ ಮಗ ಅಂತ ಹೇಳುತ್ತಾರೆ. ಅವನು ಎಷ್ಟೋ ವಸ್ತುಗಳನ್ನು ಲಂಡನ್ನಿಗೆ ತಂದ. ಅವನ ಹೆಂಡತಿ ಮದುವೆಗೆ ಮೊದಲು ಪ್ಯಾರಿಸ್‌ನ ಅತ್ತರಿನಂಗಡಿಯಲ್ಲಿ ಕೆಲಸಕ್ಕಿದ್ದವಳು. 1897ರಲ್ಲಿ ಅವಳ ಉಯಿಲಿನಿಂದಲೇ ಇದು ದೇಶದ ಪಾಲಾಯಿತು. ಅಂಗಡಿಯ ಹುಡುಗಿಯ ಕೈಯಿಂದ ನಮಗೆ ಪುಕ್ಕಟೆ ದರ್ಶನ!

ಹೊರಗೆ ಬಂದಾಗ ಮಳೆ ನಿಂತಿತ್ತು.

"ಚಿಕ್ಕಪ್ಪ, ಮುತ್ತಜ್ಜನ ಡಬ್ಬಿ ಈಗ ಎಲ್ಲಿದೆ?"

"ನಿಮ್ಮಮ್ಮನ ಹತ್ರಾನೇ ಇದೆಯಲ್ಲಮ್ಮ. ಹೊಲಿಗೆ ಸೂಜಿ ಹಾಕಿಟ್ಟಿದ್ದಾರೆ. ಮುಚ್ಚಳ ನಿಲ್ಲಲ್ಲ ಅಂತ ರಬ್ಬರ್ ಬ್ಯಾಂಡ್ ಸುತ್ತಿದ್ದಾರೆ."