ಎಂಜಿನ್ ರೂಮಿನಿಂದ ಮೇಲಕ್ಕೆ 74 ಮೆಟ್ಟಿಲು

23 ನವೆಂಬರ್ 2024, ಶನಿವಾರ
ಮುಂಬೈ ಬಿಟ್ಟು ನಾಲ್ಕನೇ ದಿನ. ಹಡಗು ಡರ್ಬನ್ ಕಡೆಗೆ.

ಇವತ್ತು ಬೆಳಿಗ್ಗೆ ಎಸ್ಕೇಪ್ ಟ್ರಂಕ್ ನೋಡಿಕೊಂಡು ಬರುವ ಸರದಿ ನನ್ನದಾಗಿತ್ತು. ಎಂಜಿನ್ ರೂಮಿನ ತಳದಿಂದ ಡೆಕ್ಕಿನವರೆಗೆ ನೆಟ್ಟಗೆ ಏರುವ ಕಬ್ಬಿಣದ ಗೂಡು ಅದು. ಒಳಗೆ ಗೋಡೆಗೆ ಬೆಸುಗೆ ಹಾಕಿದ ಏಣಿ, ಅಲ್ಲಲ್ಲಿ ಎಮರ್ಜೆನ್ಸಿ ದೀಪ. ಕೆಳಗೆ ಬೆಂಕಿ ಬಿದ್ದರೆ ನಮಗೆ ಉಳಿಯುವ ದಾರಿ ಅದೊಂದೇ. ವಾರವಾರ ನೋಡುತ್ತೇವೆ. ಬಾಗಿಲು ತಾನಾಗಿ ಮುಚ್ಚುತ್ತದಾ, ದೀಪ ಉರಿಯುತ್ತದಾ, ಮೇಲಿನ ಮುಚ್ಚಳ ತೆರೆಯುತ್ತದಾ, ಅಷ್ಟೇ. ಸುಮಾರು ಸಲ ಹತ್ತಿದ್ದೇನೆ. ಆದರೆ ಮೆಟ್ಟಿಲು ಎಣಿಸಿದ್ದು ಇವತ್ತೇ.

74.

ಮೇಲೆ ಬರುವಷ್ಟರಲ್ಲಿ ಎರಡು ನಿಮಿಷ ಹಿಡಿಯಿತು. ದೀಪ ಇತ್ತು, ಹಡಗು ಓಲಾಡುತ್ತಿರಲಿಲ್ಲ, ಹೊಟ್ಟೆ ತುಂಬ ತಿಂಡಿ ತಿಂದಿದ್ದೆ. ಆದರೂ ತೊಡೆ ನಡುಗುತ್ತಿತ್ತು. ಮುಚ್ಚಳ ತಳ್ಳಿ ಗಾಳಿಗೆ ಮುಖ ಕೊಟ್ಟಾಗ ನೆನಪಾಗಿದ್ದು ಇವತ್ತಿನ ತಾರೀಖು.

1942ರ ನವೆಂಬರ್ 23. ಸರಿಯಾಗಿ 82 ವರ್ಷದ ಹಿಂದೆ, ಇದೇ ಹಾದಿಯಲ್ಲಿ, ಎಸ್.ಎಸ್. ತಿಲಾವಾ ಮುಳುಗಿತು. ನಮ್ಮ ಹಾಗೆಯೇ ಅದೂ 20ನೇ ತಾರೀಖು ಮುಂಬೈ ಬಿಟ್ಟಿತ್ತು. ಮೊಂಬಾಸಾ, ಲೊರೆಂಸು ಮಾರ್ಕಿಸ್ (ಈಗಿನ ಮಪುಟೊ), ಆಮೇಲೆ ಡರ್ಬನ್‌ಗೆ ಹೋಗಬೇಕಿತ್ತು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಡಗು. ಪ್ರಯಾಣಿಕರು, ಸಿಬ್ಬಂದಿ ಎಲ್ಲ ಸೇರಿ 958 ಜನ. ಬೆಳಗಿನ ಜಾವ ಎಲ್ಲರೂ ಮಲಗಿದ್ದಾಗ ಜಪಾನಿನ ಐ-29 ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು. ಹಡಗು ತಕ್ಷಣ ಮುಳುಗಲಿಲ್ಲ. ದೋಣಿಗೆ ಇಳಿದವರಲ್ಲಿ ಕೆಲವರು ಅದು ತೇಲುತ್ತಿರುವುದನ್ನು ನೋಡಿ ವಾಪಸ್ ಹತ್ತಿದರು. ಆಗ ಬಂತು ಎರಡನೇ ಟಾರ್ಪಿಡೊ. 280 ಜನ ಸತ್ತರು. ಉಳಿದವರು ಎರಡು ದಿನ ದೋಣಿಗಳಲ್ಲಿ, ತೆಪ್ಪಗಳಲ್ಲಿ ತೇಲಿದರು. ಬಹುತೇಕ ಎಲ್ಲರನ್ನೂ ಎತ್ತಿಕೊಂಡಿದ್ದು ಬರ್ಮಿಂಗ್‌ಹ್ಯಾಮ್ ಎಂಬ ಯುದ್ಧನೌಕೆ.

ಮಧ್ಯಾಹ್ನ ಊಟಕ್ಕೆ ಹೋಗುವಾಗ ಬ್ರಿಡ್ಜ್, ಅಂದರೆ ಹಡಗು ನಡೆಸುವ ಮೇಲಿನ ಕೋಣೆ, ಹತ್ತಿ ಸಮುದ್ರದ ನಕ್ಷೆ ನೋಡಿದೆ. ಆ ಜಾಗ ನಮ್ಮ ದಾರಿಯಿಂದ ತುಸು ಆಚೆಗೆ. ಸಮುದ್ರದಲ್ಲಿ ಅದು ಪಕ್ಕದ ಬೀದಿ ಇದ್ದ ಹಾಗೆ.

ನಾನು ಥರ್ಡ್ ಎಂಜಿನಿಯರ್. ಭಾರತೀಯ ಸಿಬ್ಬಂದಿ ಇರುವ ಹಡಗುಗಳಲ್ಲಿ ನನ್ನ ಹುದ್ದೆಗೆ 'ತೀನ್ ಸಾಬ್' ಅನ್ನುತ್ತಾರೆ. ಚೀಫ್ ಎಂಜಿನಿಯರ್ 'ಬಡಾ ಸಾಬ್'. ಡೆಕ್ ಕೆಲಸಗಾರರ ಮೇಸ್ತ್ರಿ ಬೋಸನ್‌ಗೆ ಈಗಲೂ ಎಷ್ಟೋ ಕಡೆ 'ಸಾರಂಗ್', ಅಡುಗೆಯವನಿಗೆ 'ಭಂಡಾರಿ'. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇವೆಲ್ಲ ಯಾರೋ ತಮಾಷೆಗೆ ಇಟ್ಟ ಹೆಸರು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇವು ಲಸ್ಕರ್‌ಗಳ ಮಾತು. ಬ್ರಿಟಿಷ್ ಹಡಗುಗಳಲ್ಲಿ ದುಡಿದ ನಮ್ಮ ಕಡೆಯ ನಾವಿಕರನ್ನು ಲಸ್ಕರ್ ಅನ್ನುತ್ತಿದ್ದರು. ಒಲೆಗೆ ಕಲ್ಲಿದ್ದಲು ಹಾಕುವವನು ಆಗ್‌ವಾಲಾ. ಬಂಕರ್ ಎಂಬ ಉಗ್ರಾಣದಿಂದ ಕಲ್ಲಿದ್ದಲು ಹೊತ್ತು ತರುವವನು ಕೋಯ್ಲಾವಾಲಾ. ಎಣ್ಣೆ ಬಿಡುವವನು ತೇಲ್‌ವಾಲಾ. ಸಿಲ್ಹೆಟ್, ನೊಅಖಾಲಿ, ಚಿತ್ತಗಾಂಗ್, ರತ್ನಾಗಿರಿ, ಕಾಠಿಯಾವಾಡ, ಗೋವಾ, ಪಂಜಾಬ್, ಹೀಗೆ ಎಲ್ಲೆಲ್ಲಿಂದಲೋ ಬಂದವರು. ಎರಡನೇ ಮಹಾಯುದ್ಧ ಶುರುವಾಗುವಾಗ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಇವರ ಸಂಖ್ಯೆ ಸುಮಾರು 50,000. ಹೆಚ್ಚುಕಡಿಮೆ ನಾಲ್ಕು ಜನಕ್ಕೆ ಒಬ್ಬ.

ಬ್ರಿಟನ್ ದ್ವೀಪ. ಗೋಧಿ, ಮಾಂಸ, ಪೆಟ್ರೋಲು, ಕಬ್ಬಿಣ, ಮದ್ದುಗುಂಡು ಎಲ್ಲವೂ ಸಮುದ್ರದ ಮೇಲೆಯೇ ಬರಬೇಕು. ಆ ಹಡಗುಗಳನ್ನು ಮುಳುಗಿಸಿದರೆ ದೇಶವನ್ನೇ ಹಸಿವಿನಿಂದ ಬಗ್ಗಿಸಬಹುದು ಅನ್ನುವುದು ಜರ್ಮನಿಯ ಲೆಕ್ಕ. ಹಾಗಾಗಿ ಸಬ್‌ಮರೀನ್‌ಗಳು ಯುದ್ಧನೌಕೆಗಳಿಗಿಂತ ಜಾಸ್ತಿ ಸರಕು ಹಡಗುಗಳನ್ನೇ ಹುಡುಕಿದವು. ಹಡಗುಗಳು ಗುಂಪು ಕಟ್ಟಿಕೊಂಡು ಕಾನ್ವಾಯ್ ಆಗಿ ಹೊರಡುತ್ತಿದ್ದವು. ಗುಂಪಿನ ವೇಗ ಅಂದರೆ ಅದರಲ್ಲಿ ಎಲ್ಲಕ್ಕಿಂತ ನಿಧಾನದ ಹಡಗಿನ ವೇಗ. ಎಂಜಿನ್ ಕೈಕೊಟ್ಟು ಹಿಂದೆ ಬಿದ್ದರೆ ಗುಂಪು ಕಾಯುವುದಿಲ್ಲ. ಒಂಟಿ ಹಡಗು ಸಬ್‌ಮರೀನ್ ಬಾಯಿಗೆ.

ಇಲ್ಲಿ ಒಂದು ವಿಷಯ ಬರೆಯಲೇಬೇಕು. ಎಂಜಿನ್ ಕೆಲಸದವನಾದ್ದರಿಂದ ನನಗೆ ಇದು ಬೇಗ ನಾಟಿತು. ಕಾನ್ವಾಯ್‌ನಲ್ಲಿ ಹಡಗು ಹೊಗೆ ಉಗುಳಬಾರದು. ಹೊಗೆ ಎಷ್ಟೋ ಮೈಲಿ ದೂರಕ್ಕೆ ಕಾಣುತ್ತದೆ. ಹೊಗೆ ಬರಬಾರದು ಅಂದರೆ ಒಲೆಗೆ ಒಂದೇ ಸಲ ರಾಶಿ ಕಲ್ಲಿದ್ದಲು ಸುರಿಯುವಂತಿಲ್ಲ. ಸ್ವಲ್ಪ ಸ್ವಲ್ಪ, ತೆಳ್ಳಗೆ ಹರಡಿ, ಮತ್ತೆ ಮತ್ತೆ ಬಾಗಿಲು ತೆಗೆದು ಹಾಕಬೇಕು. ಆದರೆ ಬಾಗಿಲು ತೆಗೆದಷ್ಟೂ ತಣ್ಣನೆ ಗಾಳಿ ನುಗ್ಗಿ ಸ್ಟೀಮ್ ಇಳಿಯುತ್ತದೆ. ಸ್ಟೀಮ್ ಇಳಿದರೆ ವೇಗ ಇಳಿಯುತ್ತದೆ, ಹಡಗು ಹಿಂದೆ ಬೀಳುತ್ತದೆ. ಈ ಎರಡರ ನಡುವೆ ಸಲಿಕೆ ಹಿಡಿದು ನಿಂತವನು ಆಗ್‌ವಾಲಾ. ಕಲ್ಲಿದ್ದಲು ಕೆಟ್ಟದಿದ್ದರೆ ಬೂದಿಯೂ ಗಟ್ಟಿ ಕಿಟ್ಟವೂ ಜಾಸ್ತಿ. ಉದ್ದನೆ ಕಬ್ಬಿಣದ ಸಲಾಕೆ ಹಾಕಿ ಅದನ್ನು ಒಡೆದು ಎಳೆಯಬೇಕು. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ. ಅವನಿಗೆ ಸಮುದ್ರವೂ ಕಾಣುವುದಿಲ್ಲ, ಶತ್ರುವೂ ಕಾಣುವುದಿಲ್ಲ. ಹತ್ತಿರದಲ್ಲಿ ಎಲ್ಲೋ ನೀರೊಳಗೆ ಬಾಂಬ್ ಸಿಡಿದರೆ ತಗಡಿನ ಮೇಲೆ ದೊಡ್ಡ ಸುತ್ತಿಗೆ ಬಿದ್ದ ಹಾಗೆ ಸದ್ದು, ಅಷ್ಟೇ.

ಟಾರ್ಪಿಡೊ ಬಿದ್ದರೆ? ಎಂಜಿನ್ ರೂಮು, ಬಾಯ್ಲರ್ ರೂಮು ಇರುವುದು ನೀರಿನ ಮಟ್ಟಕ್ಕಿಂತ ಕೆಳಗೆ. ಏಟು ಅಲ್ಲಿಗೇ ಬಿದ್ದರೆ ದೀಪ ಹೋಗುತ್ತದೆ, ಸ್ಟೀಮ್ ಪೈಪ್ ಒಡೆಯುತ್ತದೆ. ಆ ಸ್ಟೀಮಿನಲ್ಲಿ, ಆ ಕತ್ತಲಲ್ಲಿ, ನೀರು ಏರುತ್ತಿರುವಾಗ ಏಣಿ ಹುಡುಕಬೇಕು. ನಾನು ಬೆಳಿಗ್ಗೆ ದೀಪ ಹಾಕಿಕೊಂಡು ಎರಡು ನಿಮಿಷದಲ್ಲಿ ಹತ್ತಿದೆ.

ಸಿಟಿ ಆಫ್ ಬೆನಾರಸ್ ಹಡಗಿನ ಕಥೆ ಇಂಗ್ಲೆಂಡಿನಲ್ಲಿ ಎಲ್ಲರಿಗೂ ಗೊತ್ತು. ಬಾಂಬ್ ದಾಳಿಯಿಂದ ಮಕ್ಕಳನ್ನು ಕಾಪಾಡಲು ಕೆನಡಾಗೆ ಕಳಿಸುತ್ತಿದ್ದ ಹಡಗು. 1940ರ ಸೆಪ್ಟೆಂಬರ್ 17ರ ರಾತ್ರಿ ಜರ್ಮನಿಯ ಸಬ್‌ಮರೀನ್ ಯು-48 ಅದನ್ನು ಹೊಡೆಯಿತು. ಹೊರಟಿದ್ದ 90 ಮಕ್ಕಳಲ್ಲಿ 77 ಮಕ್ಕಳು ಸತ್ತರು. ಓದಿದಾಗೆಲ್ಲ ಕರುಳು ಹಿಂಡುತ್ತದೆ. ಅದೇ ಹಡಗಿನಲ್ಲಿ ದುಡಿಯುತ್ತಿದ್ದ ಹೆಚ್ಚಿನವರು ನಮ್ಮವರು ಎಂಬುದು ಎಷ್ಟು ಜನಕ್ಕೆ ಗೊತ್ತು? ಅವರಲ್ಲೂ ನೂರಕ್ಕೂ ಹೆಚ್ಚು ಜನ ಸತ್ತರು. ಉತ್ತರ ಅಟ್ಲಾಂಟಿಕ್‌ನ ಆ ಚಳಿಯಲ್ಲಿ ಅವರ ಮೈಮೇಲೆ ಇದ್ದಿದ್ದು ತೆಳ್ಳನೆ ಹತ್ತಿ ಬಟ್ಟೆ. ಒಂದು ದೋಣಿ, 12ನೇ ನಂಬರಿನದು, ಎಂಟು ದಿನ ತೇಲಿತು. ಅದರಲ್ಲಿ ಆರು ಹುಡುಗರು, ಅವರನ್ನು ನೋಡಿಕೊಳ್ಳುತ್ತಿದ್ದ ಹೆಂಗಸು, ಒಬ್ಬ ಪಾದ್ರಿ. ಉಳಿದವರಲ್ಲಿ ಬಹುಪಾಲು ಲಸ್ಕರ್‌ಗಳು. ಆ ಹುಡುಗರ ಹೆಸರು, ಮುಂದೆ ಅವರು ಏನಾದರು ಅನ್ನುವುದು ಸುಲಭಕ್ಕೆ ಸಿಗುತ್ತದೆ. ಅದೇ ದೋಣಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದ ನಮ್ಮವರ ಬಗ್ಗೆ ಹುಡುಕಿದರೆ ಸಿಗುವುದು ತೀರಾ ಕಡಿಮೆ.

ಸಂಬಳದ ವಿಷಯಕ್ಕೆ ಬಂದರೆ ಸಿಟ್ಟು ತಡೆಯಲು ಆಗುವುದಿಲ್ಲ. 1939ರಲ್ಲಿ ಲಸ್ಕರ್‌ನ ತಿಂಗಳ ಸಂಬಳ ಅದೇ ಹಡಗಿನ ಬ್ರಿಟಿಷ್ ನಾವಿಕನ ಸಂಬಳದ ಕಾಲು ಭಾಗದಷ್ಟೂ ಇರಲಿಲ್ಲ. ಮಲಗುವ ಜಾಗವೂ ಕಡಿಮೆ. ಟಾರ್ಪಿಡೊಗೆ ಮಾತ್ರ ಇಬ್ಬರೂ ಒಂದೇ. ಯುದ್ಧ ಶುರುವಾದ ಕೂಡಲೇ ಲಂಡನ್, ಗ್ಲಾಸ್ಗೊ ಬಂದರುಗಳಲ್ಲಿ ಲಸ್ಕರ್‌ಗಳು ಸಂಬಳ ಏರಿಸದಿದ್ದರೆ ಹಡಗು ಹತ್ತುವುದಿಲ್ಲ ಅಂತ ಕೂತರು. ನೂರಾರು ಜನರನ್ನು ಜೈಲಿಗೆ ಹಾಕಿದರು. ಆದರೂ ಬಗ್ಗಲಿಲ್ಲ. ಕೊನೆಗೆ ಸಂಬಳ ಏರಿತು. ಓದು ಬರಹ ಹೆಚ್ಚು ಇಲ್ಲದವರು, ಪರದೇಶದ ಬಂದರಿನಲ್ಲಿ, ಯುದ್ಧದ ನಡುವೆ ಹಾಗೆ ನಿಂತರಲ್ಲ, ಅದು ಸಣ್ಣ ಧೈರ್ಯ ಅಲ್ಲ. ಆಮೇಲೆ ಅವರೇ ಹಡಗು ಹತ್ತಿದರು, ಮುಳುಗುವ ಅಪಾಯ ಗೊತ್ತಿದ್ದೂ ಹತ್ತಿದರು. ಯುದ್ಧ ಮುಗಿಯುವಷ್ಟರಲ್ಲಿ ಸತ್ತ ಭಾರತದ ನಾವಿಕರು 6,000ಕ್ಕೂ ಹೆಚ್ಚು. ಇಲ್ಲಿ ಭಾರತ ಅಂದರೆ ಇವತ್ತಿನ ಪಾಕಿಸ್ತಾನ, ಬಾಂಗ್ಲಾದೇಶವೂ ಸೇರಿದ ಭಾರತ.

ತಿಲಾವಾ ಮುಳುಗಿಸಿದ ಐ-29 ಬಗ್ಗೆ ಓದುವಾಗ ಇನ್ನೊಂದು ಸಂಗತಿ ಸಿಕ್ಕಿತು. ಐದು ತಿಂಗಳು ಕಳೆದು, 1943ರ ಏಪ್ರಿಲ್ ಕೊನೆಗೆ, ಮಡಗಾಸ್ಕರ್ ಹತ್ತಿರ ಜರ್ಮನ್ ಸಬ್‌ಮರೀನ್‌ನಿಂದ ಸುಭಾಷ್‌ಚಂದ್ರ ಬೋಸರನ್ನು ಹತ್ತಿಸಿಕೊಂಡಿದ್ದು ಇದೇ ಐ-29. ನೇತಾಜಿಯ ಆ ಸಮುದ್ರಯಾನ ಅಂದರೆ ನನಗೆ ಚಿಕ್ಕಂದಿನಿಂದ ಮೈ ಜುಮ್ಮೆನ್ನುತ್ತಿತ್ತು. ಈಗಲೂ ಅವರ ಮೇಲಿನ ಗೌರವ ಕಡಿಮೆ ಆಗಿಲ್ಲ. ಆದರೆ ಆ ಎರಡು ಸಂಗತಿಯನ್ನು ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಕಷ್ಟ. ನಿನ್ನೆ ರಾತ್ರಿ ಅದರಿಂದಲೇ ನಿದ್ದೆ ಬರಲಿಲ್ಲ.

ತಿಲಾವಾದಲ್ಲಿ ಬೆಳ್ಳಿಯೂ ಇತ್ತು. ದಕ್ಷಿಣ ಆಫ್ರಿಕಾದಲ್ಲಿ ನಾಣ್ಯ ಮಾಡಲು ಹೊರಟಿದ್ದ 2,364 ಗಟ್ಟಿಗಳು. 2017ರಲ್ಲಿ ಒಂದು ಕಂಪನಿ ಸುಮಾರು ಎರಡೂವರೆ ಕಿಲೋಮೀಟರ್ ಆಳದಿಂದ ಅದನ್ನು ಎತ್ತಿ ಇಂಗ್ಲೆಂಡಿಗೆ ಒಯ್ದಿತು. ಬೆಳ್ಳಿ ಯಾರದು ಅನ್ನುವ ಜಗಳ ಬ್ರಿಟನ್ನಿನ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಈ ವರ್ಷ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಪರ ತೀರ್ಪು ಬಂತು. ಗಟ್ಟಿ ಗಟ್ಟಿಗೂ ಲೆಕ್ಕ ಇದೆ. ಲಂಡನ್ನಿನ ಟವರ್ ಹಿಲ್‌ನಲ್ಲಿ, ಸಮುದ್ರವೇ ಸಮಾಧಿಯಾದ ವ್ಯಾಪಾರಿ ನಾವಿಕರ ಹೆಸರುಗಳನ್ನು ಫಲಕಗಳ ಮೇಲೆ ಸಾಲುಸಾಲಾಗಿ ಕೂರಿಸಿದ್ದಾರೆ. ಲಸ್ಕರ್‌ಗಳ ಹೆಸರು ಅಲ್ಲಿಲ್ಲ. ಅವು ಇರುವುದು ಮುಂಬೈ ಮತ್ತು ಚಿತ್ತಗಾಂಗ್‌ನಲ್ಲಿ ಇಟ್ಟಿರುವ ಪುಸ್ತಕಗಳಲ್ಲಿ. ಕಲ್ಲಿನ ಮೇಲಲ್ಲ, ಹಾಳೆಯ ಮೇಲೆ. ಮುಂಬೈಯಲ್ಲಿ ಎಷ್ಟು ಸಲ ಹಡಗು ಹತ್ತಿ ಇಳಿದಿದ್ದೇನೆ. ಒಂದು ಸಲವೂ ಹೋಗಿ ನೋಡಿಲ್ಲ. ಇಷ್ಟು ಬರೆಯುವವನು ಮೊದಲು ಅಲ್ಲಿಗೆ ಹೋಗಬೇಕಿತ್ತು.

ಸಂಜೆ ನಾಲ್ಕರ ಚಹಾ ಹೊತ್ತಿಗೆ ಇದನ್ನೆಲ್ಲ ಎಂಜಿನ್ ರೂಮಿನಲ್ಲಿ ಜೊತೆಗೆ ದುಡಿಯುವ ನಮ್ಮ ಮೋಟರ್‌ಮ್ಯಾನ್‌ಗೆ ಹೇಳಿದೆ. ರತ್ನಾಗಿರಿ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಎಲ್ಲರೂ ಚಾಚಾ ಅಂತಲೇ ಕರೆಯುವುದು. ಎಣ್ಣೆ ಶುದ್ಧ ಮಾಡುವ ಪ್ಯೂರಿಫೈಯರ್ ಬಿಚ್ಚಿ ತೊಳೆಯುವುದರಲ್ಲಿ ಅವರ ಕೈ ನೋಡಬೇಕು. ಒಂದೊಂದು ಡಿಸ್ಕನ್ನೂ ರೊಟ್ಟಿ ತಟ್ಟಿದ ಹಾಗೆ ತಿರುಗಿಸಿ ಒರೆಸುತ್ತಾರೆ. ನನ್ನ ಮಾತು ಮುಗಿಯುವವರೆಗೂ ಸುಮ್ನೆ ಕೇಳಿದರು. ಆಮೇಲೆ ಲೋಟ ಕೆಳಗಿಟ್ಟು ಹೇಳಿದರು.

'ತೀನ್ ಸಾಬ್, ನಮ್ಮ ಅಜ್ಜನ ತಮ್ಮ ಆಗ್‌ವಾಲಾ ಆಗಿದ್ದರು. ಆ ಯುದ್ಧದಲ್ಲೇ ಹೋದರು.'

ಇಷ್ಟು ತಿಂಗಳು ಜೊತೆಯಲ್ಲಿ ಕೆಲಸ ಮಾಡಿದ್ದೇವೆ, ಒಂದು ದಿನವೂ ಹೇಳಿರಲಿಲ್ಲ. ಯಾವ ಹಡಗು ಅಂತ ಕೇಳಿದೆ. ಅದು ಅವರಿಗೆ ಗೊತ್ತಿಲ್ಲ. ಊರಿಗೆ ಒಂದು ಇಂಗ್ಲಿಷ್ ಕಾಗದ ಬಂದಿತ್ತಂತೆ. ಅಂಚೆಯವರು ಓದಿ, ನಿಮ್ಮ ಹುಡುಗ ಇನ್ನಿಲ್ಲ ಅಂತ ಹೇಳಿ ಹೋದರಂತೆ. ಯಾವತ್ತು ಸತ್ತ, ಎಲ್ಲಿ ಸತ್ತ ಅಂತ ಯಾರೂ ಕೇಳಿಕೊಳ್ಳಲಿಲ್ಲ. ಕಾಗದ ಗೆದ್ದಲು ಹಿಡಿದು ಹೋಯಿತು.

'ಮತ್ತೆ ವರ್ಷಕ್ಕೊಮ್ಮೆ ಫಾತಿಹಾ ಯಾವ ದಿನ ಓದಿಸುತ್ತೀರಿ ಚಾಚಾ?'

'ಕಾಗದ ಬಂದ ದಿನ.'

ಎಂಜಿನ್ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲವೇನೋ ಅಂತ ಮತ್ತೆ ಕೇಳಿದೆ. ಹೌದು, ಕಾಗದ ಬಂದ ದಿನ. ಅಜ್ಜ ಇರುವವರೆಗೆ ಅಜ್ಜ, ಆಮೇಲೆ ಅಪ್ಪ, ಈಗ ಊರಲ್ಲಿರುವ ಅಣ್ಣ. ಹಡಗಿನಲ್ಲಿ ಗಂಟೆಗಂಟೆಗೆ ಲಾಗ್ ಬರೆಯುತ್ತೇವೆ. ಎಣ್ಣೆಯ ಬಿಸಿ, ನೀರಿನ ಒತ್ತಡ, ಎಂಜಿನ್ ಸುತ್ತು, ಎಲ್ಲಕ್ಕೂ ವೇಳೆ ಹಾಕುತ್ತೇವೆ. ಆ ಮನುಷ್ಯನ ಸಾವಿಗೆ ಎಂಬತ್ತು ವರ್ಷದಿಂದ ಅಂಚೆಯ ತಾರೀಖು.

ಈ ವರ್ಷ ಮಾರ್ಚ್‌ನಲ್ಲಿ ಏಡನ್ ಕೊಲ್ಲಿಯಲ್ಲಿ ಟ್ರೂ ಕಾನ್ಫಿಡೆನ್ಸ್ ಹಡಗಿಗೆ ಕ್ಷಿಪಣಿ ಬಡಿದು ಮೂವರು ನಾವಿಕರು ಸತ್ತಾಗ, ಉಳಿದವರನ್ನು ನಮ್ಮ ಐಎನ್‌ಎಸ್ ಕೋಲ್ಕತಾ ಕಾಪಾಡಿತು. ಆ ರಾತ್ರಿ ಮನೆಯಿಂದ ಅಮ್ಮ ಆರು ಸಲ ಮೆಸೇಜ್ ಮಾಡಿದ್ದರು. ನಾನು ಇದ್ದಿದ್ದು ಬೇರೆಯೇ ಸಮುದ್ರದಲ್ಲಿ. ಆದರೂ ಐದು ನಿಮಿಷದಲ್ಲಿ ಉತ್ತರ ಕೊಟ್ಟೆ. ಚಾಚಾ ಮನೆಯವರು ಆ ಕಾಗದಕ್ಕಾಗಿ ಎಷ್ಟು ತಿಂಗಳು ಕಾದರೋ.

ಯುದ್ಧದಲ್ಲಿ ಸತ್ತವರ ಪಟ್ಟಿಯನ್ನು ಈಗ ಇಂಟರ್ನೆಟ್‌ನಲ್ಲಿ ಹುಡುಕಬಹುದು, ಲಸ್ಕರ್‌ಗಳ ಹೆಸರೂ ಅದರಲ್ಲಿದೆ ಅಂತ ಚಾಚಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಸ್ಟೋರಿನಿಂದ ಒಂದು ಟ್ಯಾಗ್ ತಂದರು. ವಾಲ್ವ್‌ಗಳಿಗೆ ಕಟ್ಟುತ್ತೇವಲ್ಲ, ಆ ರಟ್ಟಿನ ಚೀಟಿ. ಅದರ ಮೇಲೆ ಅಜ್ಜನ ತಮ್ಮನ ಹೆಸರನ್ನು ಮೊದಲು ಉರ್ದುವಿನಲ್ಲಿ ಬರೆದರು, ಕೆಳಗೆ ಮರಾಠಿಯಲ್ಲಿ. ಜೊತೆಗೆ ಆ ಅಜ್ಜನ ತಮ್ಮನ ತಂದೆಯ ಹೆಸರು, ಹಳ್ಳಿಯ ಹೆಸರು. ಇಂಗ್ಲಿಷ್‌ನಲ್ಲಿ ಹೇಗೆ ಬರೆದಿರಬಹುದು ಅಂತ ಕೇಳಿದೆ. ಬರೆದ ಗುಮಾಸ್ತನಿಗೆ ಹೇಗೆ ಕೇಳಿಸಿತೋ ಹಾಗೆ, ಅಂದರು. ಇಬ್ಬರೂ ಕೂತು ಅಕ್ಷರ ಅದಲು ಬದಲು ಮಾಡಿ ಒಂಬತ್ತು ಥರ ಬರೆದೆವು.

ನನ್ನ ಈ ತಿಂಗಳ ನೆಟ್ ಕೋಟಾದಲ್ಲಿ ಸ್ವಲ್ಪವೇ ಉಳಿದಿದೆ. ಇದನ್ನು ಹಾಕಿದ ಮೇಲೆ ಎಷ್ಟು ಉಳಿಯುತ್ತದೋ ಅಷ್ಟರಲ್ಲಿ ಇವತ್ತೇ ಮೊದಲ ಮೂರು ಹೆಸರು ನೋಡುತ್ತೇನೆ. ಉಳಿದಿದ್ದು ಡರ್ಬನ್‌ನಲ್ಲಿ. ಚೀಟಿ ಬಾಯ್ಲರ್ ಸೂಟಿನ ಜೇಬಿನಲ್ಲಿತ್ತು, ಒಂದು ಮೂಲೆಗೆ ಎಣ್ಣೆ ಹಿಡಿದಿದೆ. ಒರೆಸಿ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ.